ಎರೆಹುಳುವಿನೊಳಗೆ ಸಿಕ್ಕ ಏಕಕೋಶಿ ಪರೋಪಜೀವಿ: ಹೊಸ ಪ್ರಭೇದ ಅಂತ ಹೇಳಲು ಎಂತೆಲ್ಲ ಬೇಕು?

ಮುರಕಲ್ಲು:
ಎಲ್ಲರಿಗೂ ನಮಸ್ಕಾರ. ಉಡುಪಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಎಂಎಸ್ಸಿ ಓದುತ್ತಿದ್ದಾಳೆ. ಪ್ರಾಜೆಕ್ಟಿಗೆ ಅಂತ ಕಾರ್ಕಳ ಕಡೆಯ ಅಡಿಕೆ ತೋಟದಿಂದ ಎರೆಹುಳು ತಂದಿದ್ದಳು. ಹುಳುವಿನ ಸೆಮಿನಲ್ ವೆಸಿಕಲ್, ಅಂದರೆ ವೀರ್ಯ ಬಲಿಯುವ ಚೀಲದಿಂದ ಒಂದು ಹನಿ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದೆವು. ಬಿಳಿ ಹನಿ. ಅದರಲ್ಲಿ ಉದ್ದನೆಯ ಜೀವಿಗಳು ಮೈ ಹಿಂಡುತ್ತಾ ನಿಧಾನವಾಗಿ ಸರಿದಾಡುತ್ತಿದ್ದವು. ಕೆಲವಕ್ಕೆ ಮೈತುಂಬ ಕೂದಲು. ಪಕ್ಕದಲ್ಲೇ ದುಂಡನೆಯ ಚೀಲಗಳು. ಅವುಗಳೊಳಗೆ ದೋಣಿ ಆಕಾರದ ಸಣ್ಣ ಕಣಗಳು ಕಿಕ್ಕಿರಿದು ತುಂಬಿದ್ದವು.

ಮೊನೊಸಿಸ್ಟಿಸ್ ಗುಂಪಿನ ಪರೋಪಜೀವಿ ಅಂತ ಅಂದಾಜಾಯಿತು. ಪದವಿ ಪಠ್ಯದಲ್ಲೇ ಉಂಟಲ್ಲ. ಆದರೆ ಇದರ ಒಂದು ತುದಿ ದುಂಡಗೆ ಉಬ್ಬಿದೆ, ಅದರ ಹಿಂದೆ ಕುತ್ತಿಗೆ ಸಪೂರ, ಇನ್ನೊಂದು ತುದಿ ಚೂಪು. ಕೈಯಲ್ಲಿರುವ ಪುಸ್ತಕಗಳ ಯಾವ ಚಿತ್ರಕ್ಕೂ ಹೊಂದುವುದಿಲ್ಲ. ಪರಿಚಯದವರೊಬ್ಬರು "ಇದು ಹೊಸ ಪ್ರಭೇದವೇ, ಬೇರೆಯವರು ಮಾಡುವ ಮೊದಲು ಪೇಪರ್ ಮಾಡಿ ಹೆಸರಿಟ್ಟುಬಿಡಿ" ಅನ್ನುತ್ತಿದ್ದಾರೆ. ಹುಡುಗಿಗೂ ಆಸೆ ಉಂಟು, ನನಗೂ ಉಂಟು. ಆದರೆ ಅವಳ ಹೆಸರಿನಲ್ಲಿ ಬರುವ ಮೊದಲ ಕೆಲಸ ಗಟ್ಟಿಯಾಗಿರಬೇಕು. ಎಲ್ಲಿಂದ ಶುರು ಮಾಡಬೇಕು? ಈ ಕೆಲಸ ಗೊತ್ತಿದ್ದವರು ದಯವಿಟ್ಟು ಹೇಳಿ.

ಸ್ಲೈಡ್ ಪೆಟ್ಟಿಗೆ:
ಮೇಡಂ, ನಾನು ಮಂಗಳೂರಿನಲ್ಲಿ ಇದೇ ವಿಷಯ ಕಲಿಸಿ ನಿವೃತ್ತನಾದವ. ನೀವು ಆತುರ ಮಾಡದೆ ಕೇಳಿದ್ದು ಬಹಳ ಸಂತೋಷ.

ನನ್ನ ಮೊದಲ ಪ್ರಶ್ನೆ: ಎರೆಹುಳು ಯಾವುದು? ಪರೋಪಜೀವಿಯ ತಲೆ, ಕುತ್ತಿಗೆ ಎಲ್ಲ ಬರೆದಿದ್ದೀರಿ. ಅದು ಇದ್ದ ಹುಳುವಿನ ಹೆಸರೇ ಇಲ್ಲ. ಹುಳುವಿನ ಹೆಸರು ಸಿಗದೆ ಪರೋಪಜೀವಿಗೆ ಹೆಸರಿಡಬೇಡಿ. ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳಲು ತಯಾರು.

ಭಾರತದಲ್ಲಿ ನಾನೂರಕ್ಕಿಂತ ಜಾಸ್ತಿ ಬಗೆಯ ಎರೆಹುಳುಗಳಿವೆ. ಆದರೆ ನಮ್ಮ ತೋಟದಲ್ಲಿ ಅಗೆದಾಗ ಸಿಗುವುದೆಲ್ಲ ಊರಿನ ಹುಳುವಲ್ಲ. ಪಾಂಟೋಸ್ಕೋಲೆಕ್ಸ್ ಕೊರೆತ್ರುರಸ್ ಅಂತ ಒಂದು ಉಂಟು. 1857ರಲ್ಲಿ ಫ್ರಿಟ್ಜ್ ಮ್ಯೂಲರ್ ಬ್ರೆಜಿಲ್‌ನ ಹುಳುಗಳನ್ನು ನೋಡಿ ವರ್ಣಿಸಿದ್ದು. ಅದರ ಮೂಲ ದಕ್ಷಿಣ ಅಮೆರಿಕ. ಗಿಡ, ಬೇರುಮಣ್ಣಿನ ಜೊತೆ ಲೋಕವೆಲ್ಲ ಹಬ್ಬಿದೆ, ನಮ್ಮ ಪಶ್ಚಿಮ ಘಟ್ಟದ ತೋಟಗಳಿಗೂ ಬಂದಿದೆ. ಎರೆಗೊಬ್ಬರದ ತೊಟ್ಟಿಯಲ್ಲಿ ಸಾಕುವ ಯೂಡ್ರಿಲಸ್ ಯೂಜೀನಿಯೇ ಆಫ್ರಿಕದ್ದು, ಐಸೀನಿಯಾ ಫೆಟಿಡಾ ಯುರೋಪಿನದ್ದು. ಹುಳು ಬರುವಾಗ ಹೊಟ್ಟೆಯೊಳಗಿನದ್ದನ್ನೂ ಕರೆದುಕೊಂಡು ಬಂದಿರಬಹುದಲ್ವಾ? ಹಾಗಾಗಿದ್ದರೆ ನೀವು ಕಾರ್ಕಳದ ಹೊಸ ಜೀವಿ ಅಂತ ಹೆಸರಿಟ್ಟದ್ದು ಸಮುದ್ರದಾಚೆ ಯಾರೋ ಎಂದೋ ವರ್ಣಿಸಿದ ಜೀವಿ ಆಗಿರಬಹುದು. ಊರಿನ ಹುಳುವೇ ಆಗಿದ್ದರೆ ನಿಮ್ಮ ಮಾತಿಗೆ ಬಲ ಬರುತ್ತದೆ.

ಪಾಂಟೋಸ್ಕೋಲೆಕ್ಸ್ ಗುರುತು ಹಿಡಿಯುವುದು ಸುಲಭ. ಹ್ಯಾಂಡ್ ಲೆನ್ಸ್ ಹಿಡಿದು ಬಾಲದ ಕಡೆ ನೋಡಿ. ಅಲ್ಲಿ ಬಿರುಗೂದಲುಗಳು ನೇರ ಸಾಲಿನಲ್ಲಿ ಇರುವುದಿಲ್ಲ. ಇಟ್ಟಿಗೆ ಗೋಡೆ ಕಟ್ಟುವಾಗ ಒಂದು ಸಾಲಿನ ಸಂದು ಇನ್ನೊಂದು ಸಾಲಿನ ನಡುವಿಗೆ ಬರುತ್ತದಲ್ಲ, ಹಾಗೆ ಒಂದು ಬಿಟ್ಟು ಒಂದು ಸರಿದಿರುತ್ತವೆ. ಊರಿನ ಮೆಗಾಸ್ಕೋಲೆಕ್ಸ್, ಪೆರಿಯೋನಿಕ್ಸ್ ಹುಳುಗಳಲ್ಲಿ ಪ್ರತಿ ಖಂಡದ ಸುತ್ತ ಬಿರುಗೂದಲ ಉಂಗುರವೇ ಇರುತ್ತದೆ. ಇಷ್ಟು ನೋಡಿ ಬನ್ನಿ, ಮುಂದಿನದ್ದು ಮಾತಾಡುವ.

ಇನ್ನೊಂದು. ಆ ಮೈತುಂಬ ಕೂದಲು ಕಂಡಿತಲ್ಲ, ಆ ಕೂದಲು ಆಡುತ್ತಿತ್ತಾ?

ಮುರಕಲ್ಲು:
ಇಲ್ಲ ಸರ್. ಜೀವಿ ಸರಿದಾಡುತ್ತಿತ್ತು. ಕೂದಲು ಮಾತ್ರ ಹಾಗೇ ಅಂಟಿಕೊಂಡು ಇತ್ತು.

ಸ್ಲೈಡ್ ಪೆಟ್ಟಿಗೆ:
ಹಾಗಾದರೆ ಸರಿ. ಅದು ಆ ಜೀವಿಯ ಕೂದಲೇ ಅಲ್ಲ. ಎರೆಹುಳುವಿನ ಸತ್ತ ವೀರ್ಯಾಣುಗಳ ಬಾಲ. ಕೂದಲು ಬಡಿಯುತ್ತಿದ್ದರೆ ಅದು ಕೂದಲಿನಿಂದ ಈಜುವ ಏಕಕೋಶಿಗಳ ಸಿಲಿಯೇಟ್ ಗುಂಪಿನದ್ದು. ಎರೆಹುಳುವಿನ ಕರುಳಿನಲ್ಲಿ ಅನಾಪ್ಲೋಫ್ರಯದಂಥ ಸಿಲಿಯೇಟ್‌ಗಳು ಬೇರೆಯೇ ಇವೆ. ಅವುಗಳ ದಾರಿ ಬೇರೆ.

ತೋಟದಮನೆ ಬಂಟ್ವಾಳ:
ಎಂತ ಮಾರಾಯ್ರೆ, ಎರೆಹುಳುವಿನ ಹೊಟ್ಟೆಯಲ್ಲೂ ಪರೋಪಜೀವಿ ಉಂಟಾ! ನಾವು ತುಳುವಿನಲ್ಲಿ ನಕ್ಕುರು ಅನ್ನುತ್ತೇವೆ. ಮಳೆಗಾಲದಲ್ಲಿ ಅಂಗಳಕ್ಕೇ ಬರುತ್ತದೆ, ಮಕ್ಕಳು ಕೈಯಲ್ಲಿ ಹಿಡಿಯುತ್ತಾರೆ. ನಮ್ಮಲ್ಲಿ ಎರಡು ಎರೆಗೊಬ್ಬರದ ತೊಟ್ಟಿ ಉಂಟು. ಇದು ಹುಳುವನ್ನು ಕೊಲ್ಲುತ್ತದಾ? ಮನುಷ್ಯರಿಗೆ, ಕೋಳಿಗೆ ಬರುತ್ತದಾ? ನನಗೆ ಹೊಸ ಹೆಸರಿಗಿಂತ ಇದು ಮುಖ್ಯ, ಬೇಸರ ಮಾಡಬೇಡಿ.

ಸ್ಲೈಡ್ ಪೆಟ್ಟಿಗೆ:
ಬೇಸರ ಎಂಥದ್ದು ಅಣ್ಣ, ಕೇಳಬೇಕಾದ್ದನ್ನೇ ಕೇಳಿದ್ದೀರಿ. ಮನುಷ್ಯರಿಗೆ ಬರುವುದಿಲ್ಲ, ಕೋಳಿಗೂ ಬರುವುದಿಲ್ಲ. ಮೊನೊಸಿಸ್ಟಿಸ್ ಸೇರಿದ, ಗ್ರೆಗರೈನ್ ಅನ್ನುವ ಈ ಇಡೀ ಗುಂಪು ಬೆನ್ನೆಲುಬು ಇಲ್ಲದ ಪ್ರಾಣಿಗಳಲ್ಲಿ ಮಾತ್ರ ಬದುಕುವುದು. ಎರೆಹುಳು, ಜಿರಳೆ, ಮಿಡತೆ, ಸಿಗಡಿ ಇಂಥವುಗಳಲ್ಲಿ. ಮಕ್ಕಳು ಕೈ ತೊಳೆದುಕೊಂಡರೆ ಸಾಕು, ಅದು ಹೇಗಿದ್ದರೂ ಮಾಡಬೇಕಾದ್ದೇ.

ಇದರ ಬದುಕು ಹೇಗೆ ಅಂತ ಹೇಳುತ್ತೇನೆ. ಮೇಡಂ ಅವರ ಕೆಲಸಕ್ಕೂ ಇದು ಬೇಕು.

ಮಣ್ಣಿನಲ್ಲಿ ಇದರ ಗಟ್ಟಿ ಚಿಪ್ಪಿನ ಬೀಜಕಣಗಳು ಬಿದ್ದಿರುತ್ತವೆ. ಊಸಿಸ್ಟ್ ಅನ್ನುತ್ತಾರೆ. ಎರಡೂ ತುದಿ ಚೂಪಾಗಿರುವ, ದೋಣಿ ಆಕಾರದ ಕಣ. ಒಳಗೆ ಎಂಟು ಮರಿಗಳು, ಸ್ಪೋರೋಜೊಯಿಟ್‌ಗಳು. ಹುಳು ಮಣ್ಣು ತಿನ್ನುವಾಗ ಕಣವೂ ಹೊಟ್ಟೆಗೆ ಹೋಗುತ್ತದೆ. ಅಲ್ಲಿ ಚಿಪ್ಪು ಬಿಚ್ಚಿ ಮರಿಗಳು ಕರುಳಿನ ಗೋಡೆ ತೂರಿ ವೀರ್ಯದ ಚೀಲಕ್ಕೆ ಬಂದು ಸೇರುತ್ತವೆ. ಅಲ್ಲಿ ಎಳೆಯ ವೀರ್ಯಕೋಶಗಳು ಗೊಂಚಲು ಗೊಂಚಲಾಗಿ ಬೆಳೆಯುತ್ತಿರುತ್ತವೆ. ಮರಿ ಒಂದು ಗೊಂಚಲಿನ ಒಳಗೇ ಹೊಕ್ಕು ಅದರ ನಡುವಿನ ರಸ ತಿಂದು ಬೆಳೆಯುತ್ತದೆ. ಸುತ್ತಲಿನ ವೀರ್ಯಾಣುಗಳು ಸಾಯುತ್ತವೆ, ಬಾಲ ಮಾತ್ರ ಇದರ ಮೈಗೆ ಅಂಟಿ ಉಳಿಯುತ್ತದೆ. ಮೇಡಂ ನೋಡಿದ ಕೂದಲು ಅದೇ.

ಬೆಳೆದ ಮೇಲೆ ಎರಡು ಜೀವಿಗಳು ಜೋಡಿಯಾಗಿ ಸುತ್ತಲೂ ಒಂದು ಗೋಡೆ ಕಟ್ಟಿಕೊಳ್ಳುತ್ತವೆ. ಅದು ಗ್ಯಾಮಿಟೋಸಿಸ್ಟ್, ನೀವು ಕಂಡ ದುಂಡನೆಯ ಚೀಲ. ಒಳಗೆ ಎರಡೂ ಒಡೆದು ಒಡೆದು ಬಹಳಷ್ಟು ಗ್ಯಾಮೀಟ್‌ಗಳು, ಅಂದರೆ ಲಿಂಗಕೋಶಗಳು, ಆಗುತ್ತವೆ. ಇದರ ಗ್ಯಾಮೀಟ್ ಅದರ ಗ್ಯಾಮೀಟ್ ಜೊತೆ ಕೂಡಿ, ಒಂದೊಂದು ಜೋಡಿಯೂ ಒಂದೊಂದು ಊಸಿಸ್ಟ್ ಆಗುತ್ತದೆ. ಹುಳು ಸತ್ತು ಕೊಳೆತರೆ ಅವು ಮಣ್ಣಿಗೆ ಸೇರುತ್ತವೆ. ಹಕ್ಕಿ ಹುಳುವನ್ನು ತಿಂದರೆ ಹಿಕ್ಕೆಯಲ್ಲಿ ಹಾಗೆಯೇ ಹೊರಗೆ ಬೀಳುತ್ತವೆ. ನಿಮ್ಮ ಕೋಳಿಗೆ ಎಂತದೂ ಆಗುವುದಿಲ್ಲ ಅಂದದ್ದು ಅದಕ್ಕೇ. ಅದು ಬೀಜ ಸಾಗಿಸುವ ಕೆಲಸ ಮಾಡುತ್ತದೆ ಅಷ್ಟೆ.

ಹುಳುವನ್ನು ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಸೋಂಕು ಜಾಸ್ತಿಯಾದರೆ ವೀರ್ಯ ಕಡಿಮೆಯಾಗುತ್ತದೆ. ಯುರೋಪಿನ ಲುಂಬ್ರಿಕಸ್ ಟೆರೆಸ್ಟ್ರಿಸ್ ಹುಳುವಿನಲ್ಲಿ ಮಾಡಿದ ಅಧ್ಯಯನದಲ್ಲಿ, ಸೋಂಕು ಇದ್ದಷ್ಟೂ ಬೆಳವಣಿಗೆ ಕುಂಠಿತ ಅಂತ ಕಂಡಿದೆ. ತೊಟ್ಟಿಯ ಗೊಬ್ಬರಕ್ಕೆ ನೀವು ಹೆದರಬೇಡಿ. ತೊಟ್ಟಿಗೆ ಬಿಸಿಲು ಬೀಳದ ಹಾಗೆ, ನೀರು ನಿಲ್ಲದ ಹಾಗೆ ನೋಡಿಕೊಳ್ಳಿ. ಹುಳು ಸಾಯುವುದು ಹೆಚ್ಚಾಗಿ ಅದರಿಂದ.

ಲ್ಯಾಬ್ ಕೋಟ್:
ನಾನು ಮಂಗಳೂರಿನಲ್ಲಿ ಲ್ಯಾಬ್ ಟೆಕ್ನಿಶಿಯನ್. ಮಲೇರಿಯಾ ಸ್ಲೈಡ್ ನೋಡುವುದು ನಮಗೆ ದಿನದ ಕೆಲಸ, ಈ ಊರಿನಲ್ಲಿ ಕೇಳಬೇಕಾ! ಮೊನೊಸಿಸ್ಟಿಸ್ ಕೂಡ ಮಲೇರಿಯಾದ ಪ್ಲಾಸ್ಮೋಡಿಯಂ ಇರುವ ಎಪಿಕಾಂಪ್ಲೆಕ್ಸಾ ಗುಂಪಿನದ್ದೇ ಅಂತ ಓದಿದ ನೆನಪು. ಹಾಗಿದ್ದರೆ ನಾವು ಬಳಸುವ ಜೀಮ್ಸಾ ಬಣ್ಣವನ್ನೇ ಇದಕ್ಕೂ ಹಾಕಬಹುದಾ? ಬೇಕಿದ್ದರೆ ಸ್ವಲ್ಪ ಕೊಡುತ್ತೇನೆ.

ಸ್ಲೈಡ್ ಪೆಟ್ಟಿಗೆ:
ನೆನಪು ಸರಿಯೇ ಉಂಟು. ಪ್ಲಾಸ್ಮೋಡಿಯಂ, ಟಾಕ್ಸೋಪ್ಲಾಸ್ಮಾ, ಕ್ರಿಪ್ಟೋಸ್ಪೊರಿಡಿಯಂ, ಈ ಗ್ರೆಗರೈನ್‌ಗಳು ಎಲ್ಲ ಒಂದೇ ದೊಡ್ಡ ಕುಟುಂಬ. ಕೋಶದೊಳಗೆ ಹೊಗಲು ಮರಿಯ ತುದಿಯಲ್ಲಿ ಒಂದು ವಿಶೇಷ ಸಲಕರಣೆ ಇರುತ್ತದೆ. ಆ ಗುಂಪಿನ ಹೆಸರೂ ಅದರಿಂದಲೇ ಬಂದದ್ದು. ಕುಟುಂಬದ ದೊಡ್ಡ ಕಾಯಿಲೆಗಳ ಬಗ್ಗೆ ಬೇಕಾದಷ್ಟು ಕೆಲಸ ಆಗಿದೆ. ಎರೆಹುಳುವಿನಲ್ಲಿ ಸುಮ್ನೆ ಕೂತಿರುವ ಇವನ್ನು ಕೇಳುವವರೇ ಕಡಿಮೆ. ನನಗೆ ಅದೇ ಸಂಕಟ.

ಜೀಮ್ಸಾ ಹಾಕಬಹುದು, ನ್ಯೂಕ್ಲಿಯಸ್ ಚೆನ್ನಾಗಿ ಕಾಣುತ್ತದೆ. ಆದರೆ ರಕ್ತದ ಲೇಪದ ಹಾಗೆ ಗಾಳಿಗೆ ಒಣಗಿಸಿದರೆ ಜೀವಿ ಚಪ್ಪಟೆಯಾಗಿ ಅಗಲ ಜಾಸ್ತಿ ಕಾಣುತ್ತದೆ. ವರ್ಣನೆಗೆ ಆ ಅಳತೆ ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೆ ಲೇಪ ಹಸಿ ಇರುವಾಗಲೇ, ಆಕಾರ ಹಾಗೇ ಉಳಿಸುವ ಶಾಡಿನ್ ದ್ರಾವಣಕ್ಕೋ ಬುವಾಂ ದ್ರಾವಣಕ್ಕೋ ಹಾಕಿ, ಹೈಡನ್‌ಹೈನ್ ಐರನ್ ಹೆಮಟಾಕ್ಸಿಲಿನ್ ಬಣ್ಣ ಕೊಟ್ಟು, ಡಿಪಿಎಕ್ಸ್ ಎಂಬ ಅಂಟಿನಲ್ಲಿ ಮುಚ್ಚಬೇಕು. ಶಾಡಿನ್ ದ್ರಾವಣದಲ್ಲಿ ಮರ್ಕ್ಯುರಿಕ್ ಕ್ಲೋರೈಡ್ ಉಂಟು, ಘೋರ ವಿಷ. ಹುಡುಗಿಗೆ ಕೈಗವಸು ಕಡ್ಡಾಯ, ಸಿಂಕಿಗೆ ಚೆಲ್ಲುವ ಹಾಗಿಲ್ಲ. ಕಾಲೇಜಿನಲ್ಲಿ ಅದಕ್ಕೆ ವ್ಯವಸ್ಥೆ ಇಲ್ಲದಿದ್ದರೆ ಬುವಾಂ ಸಾಕು.

ಜೀವಂತ ನೋಡಲು 0.5ರಿಂದ 0.6% ಉಪ್ಪುನೀರು ಬಳಸಿ. ನಲ್ಲಿ ನೀರು ಹಾಕಿದರೆ ಉಬ್ಬಿ ಆಕಾರ ಕೆಡುತ್ತದೆ.

ಮುರಕಲ್ಲು:
ಸರ್, ಆ ಉಬ್ಬಿದ ತುದಿ ಮತ್ತು ಸಪೂರ ಕುತ್ತಿಗೆ? ಅದರಿಂದಲೇ ನಮಗೆ ಹೊಸತು ಅನಿಸಿದ್ದು.

ಸ್ಲೈಡ್ ಪೆಟ್ಟಿಗೆ:
ಅದನ್ನು ನಂಬಿ ಕೂರಬೇಡಿ. ಮೊನೊಸಿಸ್ಟಿಸ್ ಮೈ ಹಿಂಡಿ ಹಿಂಡಿ ಚಲಿಸುವ ಜೀವಿ. ಉಬ್ಬು ಮೈಯುದ್ದಕ್ಕೂ ಸಾಗುತ್ತದೆ. ಈಗ ತುದಿಯಲ್ಲಿ ಕಂಡ ಉಬ್ಬು ಸ್ವಲ್ಪ ಹೊತ್ತಿಗೆ ನಡುವಿನಲ್ಲಿ ಇರುತ್ತದೆ. ಅದೇ ಹೊತ್ತಿಗೆ ಫೋಟೋ ತೆಗೆದವರಿಗೆ ಅದೇ ಆಕಾರ. ಸ್ಲೈಡ್ ಮಾಡಿದ ಮೇಲೆ ಬೇರೆ ಬೇರೆ ಹುಳುಗಳಿಂದ ಬಂದ ಎಲ್ಲ ಜೀವಿಗಳಲ್ಲೂ ಅದೇ ಜಾಗದಲ್ಲಿ ಉಬ್ಬು ಇದ್ದರೆ ಆಗ ಅದು ಲಕ್ಷಣ.

ಹಾಗೆ ಇದ್ದರೂ ಪ್ರಭೇದಕ್ಕಿಂತ ಮೊದಲು ಕುಲ ಯಾವುದು ಅಂತ ತೀರ್ಮಾನ ಆಗಬೇಕು. ಮುಂದಿನ ತುದಿ ಸೊಂಡಿಲಿನಂತೆ ಚಾಚಿ ಬೇರೆಯಾಗಿ ಕಂಡರೆ ರಿಂಕೋಸಿಸ್ಟಿಸ್ ನೋಡಿ. ಮೈ ದಾರದಷ್ಟು ಸಪೂರ, ಬಹಳ ಉದ್ದ ಇದ್ದರೆ ನೆಮಟೋಸಿಸ್ಟಿಸ್. ಈ ಎರಡನ್ನೂ ಹೆಸ್ಸೆ ಎಂಬ ಫ್ರೆಂಚ್ ಸಂಶೋಧಕ 1909ರಲ್ಲಿ ಬೇರೆ ಮಾಡಿದ್ದು. ಹಿಂದು ಮುಂದು ಇಲ್ಲದೆ ದುಂಡಗೆ ಇದ್ದರೆ ಅಪೋಲೋಸಿಸ್ಟಿಸ್. ತುದಿಯಲ್ಲಿ ಹೀರುಬಟ್ಟಲಿನಂಥ ರಚನೆ ಇದ್ದರೆ ಸ್ಟೊಮಟೋಫೋರಾ. ಎಳೆಯ ಪ್ರಾಯದಿಂದಲೇ ಜೋಡಿಯಾಗಿ ಅಂಟಿಕೊಂಡಿದ್ದರೆ ಜೈಗೋಸಿಸ್ಟಿಸ್. ಇವು ಯಾವುದೂ ಅಲ್ಲ ಅಂತ ತೋರಿಸಿದ ಮೇಲೆ 1848ರಲ್ಲಿ ಸ್ಟೈನ್ ಸ್ಥಾಪಿಸಿದ ಮೊನೊಸಿಸ್ಟಿಸ್‌ಗೆ ಬನ್ನಿ. ನಿಜ ಹೇಳಬೇಕಂದರೆ ಆ ಕುಲದೊಳಗೆ ಬೇರೆಲ್ಲೂ ಹೊಂದದ್ದನ್ನೆಲ್ಲ ತುಂಬಿಸಿಟ್ಟಿದ್ದಾರೆ. ಅದಕ್ಕೇ ಇನ್ನೊಂದನ್ನು ಸೇರಿಸುವಾಗ ಜಾಗ್ರತೆ ಬೇಕು ಅನ್ನುತ್ತೇನೆ.

ಅಳತೆ ತೆಗೆಯುವಾಗ ಊಸಿಸ್ಟ್‌ಗೆ ಜಾಸ್ತಿ ಸಮಯ ಕೊಡಿ. ದೊಡ್ಡ ಜೀವಿ ಪ್ರಾಯಕ್ಕೆ ತಕ್ಕಂತೆ ಬೆಳೆಯುತ್ತದೆ, ಆಕಾರ ಬದಲಿಸುತ್ತದೆ. ಊಸಿಸ್ಟ್ ಒಮ್ಮೆ ಬಲಿತರೆ ಹಾಗೇ ಇರುತ್ತದೆ. ಉದ್ದ, ಅಗಲ, ಎರಡರ ಅನುಪಾತ, ತುದಿಗಳು ಎರಡೂ ಒಂದೇ ತರ ಇವೆಯಾ, ಇವೆಲ್ಲ ಬೇಕು. ತಾಜಾ ಊಸಿಸ್ಟನ್ನು ಬೇರೆಯವರ ತಾಜಾ ಊಸಿಸ್ಟ್ ಜೊತೆಗೇ ಹೋಲಿಸಿ. ಬಣ್ಣ ಹಾಕುವಾಗ ಎಲ್ಲವೂ ಸ್ವಲ್ಪ ಕುಗ್ಗುತ್ತದೆ. ಐಪೀಸ್ ಮೈಕ್ರೋಮೀಟರನ್ನು, ಅಂದರೆ ಕಣ್ಣಿನ ಕಡೆಯ ಲೆನ್ಸಿನೊಳಗಿನ ಅಳತೆಪಟ್ಟಿಯನ್ನು, ಪ್ರತಿ ಲೆನ್ಸಿಗೂ ಬೇರೆ ಬೇರೆಯಾಗಿ ಸ್ಟೇಜ್ ಮೈಕ್ರೋಮೀಟರ್ ಇಟ್ಟು ಸರಿನೋಡಬೇಕು, ಇದು ಎಲ್ಲರಿಗೂ ಗೊತ್ತಿರುವುದೇ.

ಪಿಸಿಆರ್ ಪಡುಬಿದ್ರಿ:
ಸರ್ ಹೇಳಿದ್ದು ಎಲ್ಲ ಒಪ್ಪುತ್ತೇನೆ. ಆದರೆ ಇಷ್ಟು ಕಷ್ಟಪಟ್ಟು ಅಳತೆ ತೆಗೆದು ಡಿಎನ್‌ಎ ಇಲ್ಲದೆ ಪ್ರಕಟಿಸಿದರೆ ಈಗಿನ ಕಾಲದಲ್ಲಿ ಯಾರು ಒಪ್ಪುತ್ತಾರೆ? ನಾನು ಪಿಎಚ್‌ಡಿ ಮಾಡುತ್ತಿರುವುದು ಬೇರೆ ಪರೋಪಜೀವಿಯ ಮೇಲೆ. ನೋಡಲು ಒಂದೇ ತರ ಇದ್ದು ಜೀನ್‌ನಲ್ಲಿ ಪೂರ್ತಿ ಬೇರೆ ಇರುವುದನ್ನು ಕಂಡಿದ್ದೇನೆ. ಜೀವಿಗಳ ನಂಟು ತಿಳಿಯಲು ಹೋಲಿಸುವ 18ಎಸ್ ಜೀನ್ ಓದಿಸಿದರೆ ನಿಮ್ಮ ಜೀವಿ ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಾಗುತ್ತದೆ.

ಮೇಡಂ, ಒಂದು ಮುಖ್ಯ ವಿಷಯ. ಹುಳುವನ್ನು ಪೂರ್ತಿ ಫಾರ್ಮಾಲಿನ್‌ಗೆ ಹಾಕಬೇಡಿ. ಆಕಾರಕ್ಕೆ ಅದು ಒಳ್ಳೆಯದು, ಆದರೆ ಡಿಎನ್‌ಎ ಹಾಳಾಗುತ್ತದೆ. ಬಾಲದ ಒಂದು ತುಂಡು ಕತ್ತರಿಸಿ 95% ಆಲ್ಕೋಹಾಲ್‌ನಲ್ಲಿ ಬೇರೆ ಇಡಿ, ಹುಳುವಿನ ಗುರುತಿಗೂ ಆಗುತ್ತದೆ. ಪರೋಪಜೀವಿಗೆ ಗ್ಯಾಮಿಟೋಸಿಸ್ಟನ್ನೇ ಆರಿಸಿ. ಸಣ್ಣ ಪಿಪೆಟ್‌ನಲ್ಲಿ ಒಂದೊಂದಾಗಿ ಎತ್ತಿ ಶುದ್ಧ ಉಪ್ಪುನೀರಿನಲ್ಲಿ ಮತ್ತೆ ಮತ್ತೆ ತೊಳೆಯಿರಿ. ತೊಳೆಯದೆ ಇದ್ದರೆ ಪಿಸಿಆರ್‌ನಲ್ಲಿ, ಅಂದರೆ ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವಾಗ, ಎರೆಹುಳುವಿನ ಜೀನ್ ದೊಡ್ಡದಾಗಿ ಬರುತ್ತದೆ, ನಿಮ್ಮದು ಕಾಣುವುದೇ ಇಲ್ಲ. ಸುತ್ತಲೂ ವೀರ್ಯಾಣು ತುಂಬಿದ ಜಾಗ ಅದು, ಅಲ್ವಾ.

ಸ್ಲೈಡ್ ಪೆಟ್ಟಿಗೆ:
ತಮ್ಮಾ, ಡಿಎನ್‌ಎ ಬೇಡ ಅಂತ ನಾನು ಹೇಳುವುದಿಲ್ಲ. ತೆಗೆಯಲು ಸಾಧ್ಯ ಇದ್ದರೆ ತೆಗೆಯಲೇಬೇಕು. ನನ್ನ ತಕರಾರು ಬೇರೆ. ಜೀನ್‌ಬ್ಯಾಂಕ್ ಎಂಬ ಅಂತರ್ಜಾಲದ ಜೀನ್ ಭಂಡಾರದಲ್ಲಿ ಹುಡುಕಿದಾಗ ಯಾವುದಕ್ಕೂ ಹೊಂದಲಿಲ್ಲ ಅಂತ ಇಟ್ಟುಕೊಳ್ಳುವ. ಅದರಿಂದ ಹೊಸತು ಅಂತ ಆಯಿತಾ? ಆಗಲಿಲ್ಲ. ಭಾರತದ ಎರೆಹುಳುಗಳಿಂದ ವರ್ಣಿಸಿದ ಮೊನೊಸಿಸ್ಟಿಸ್‌ಗಳ ಪಟ್ಟಿ ಉದ್ದ ಉಂಟು. ಬಿ. ಎಲ್. ಭಾಟಿಯಾ ಅವರು 1920ರ ದಶಕದಿಂದಲೇ ವರ್ಣಿಸುತ್ತಾ ಬಂದವರು. 1938ರಲ್ಲಿ ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತಿನ ಸರಣಿಯಲ್ಲಿ ಸ್ಪೋರೋಜೋವಾಗಳಿಗೇ ಒಂದು ಸಂಪುಟ ಬರೆದರು. ಆಮೇಲೆ ಪಶ್ಚಿಮ ಬಂಗಾಳದ ಕಲ್ಯಾಣಿ ವಿಶ್ವವಿದ್ಯಾಲಯದವರು ಇನ್ನಷ್ಟು ಸೇರಿಸಿದರು. ಅವುಗಳಲ್ಲಿ ಹೆಚ್ಚಿನವಕ್ಕೆ ಜೀನ್ ದಾಖಲೆ ಇಲ್ಲ. ಇರುವುದು ಚಿತ್ರ, ಅಳತೆ, ಸ್ಲೈಡ್. ಹಾಗಾದರೆ ಹೊಂದಲಿಲ್ಲ ಅನ್ನುವ ಉತ್ತರಕ್ಕೆ ಅರ್ಥ ಏನು? ಹೋಲಿಸಲು ಅಲ್ಲಿ ಏನೂ ಇರಲಿಲ್ಲ ಅಂತ.

ಹಾಗಾಗಿ ಹಳೆಯ ವರ್ಣನೆಗಳ ಜೊತೆ ಒಂದೊಂದಾಗಿ ಕೂತು ಹೋಲಿಸದೆ ಬೇರೆ ದಾರಿ ಇಲ್ಲ. ಆ 1938ರ ಸಂಪುಟ ಸ್ಕ್ಯಾನ್ ಆಗಿ ಅಂತರ್ಜಾಲದಲ್ಲೇ ಸಿಗುತ್ತದೆ.

ಪಿಸಿಆರ್ ಪಡುಬಿದ್ರಿ:
ಅದು ಸರಿ ಸರ್. ಆದರೆ ನೀವು ಹೇಳಿದ ಹಳೆಯ ವರ್ಣನೆಗಳಲ್ಲಿ ಕೆಲವು ತುಂಬಾ ಚಿಕ್ಕದು. ಒಂದು ಚಿತ್ರ, ನಾಲ್ಕು ಸಾಲು. ಅದರ ಜೊತೆ ಏನನ್ನು ಹೋಲಿಸುವುದು? ಇವತ್ತು ನಾವೂ ಜೀನ್ ಇಲ್ಲದೆ ವರ್ಣಿಸಿದರೆ ಮುಂದಿನವರಿಗೆ ಅದೇ ಕಷ್ಟ. ಹಳೆಯವರಿಗೆ ಆಗ ಉಪಾಯ ಇರಲಿಲ್ಲ, ನಮಗೆ ಉಂಟಲ್ಲ.

ಸ್ಲೈಡ್ ಪೆಟ್ಟಿಗೆ:
ಈ ಮಾತಿಗೆ ನನ್ನದೂ ಪೂರ್ತಿ ಒಪ್ಪಿಗೆ. ಎರಡೂ ಬೇಕು. ಮತ್ತು ಎರಡೂ ಒಂದೇ ಹುಳುವಿನಿಂದ ಬರಬೇಕು. ಹುಳುವಿಗೆ ಒಂದು ನಂಬರು. ಅದೇ ನಂಬರು ಅದರ ಸ್ಲೈಡಿಗೆ, ಡಿಎನ್‌ಎ ಟ್ಯೂಬಿಗೆ, ಬಾಟಲಿಯಲ್ಲಿಟ್ಟ ದೇಹಕ್ಕೆ. ಒಂದು ಹುಳುವಿನಲ್ಲಿ ಎರಡು ಮೂರು ಬಗೆಯ ಗ್ರೆಗರೈನ್ ಒಟ್ಟಿಗೆ ಇರುವುದು ಸಾಮಾನ್ಯ. ಈ ಹುಳುವಿನ ಚಿತ್ರ, ಆ ಹುಳುವಿನ ಜೀನ್ ಸೇರಿಸಿ ಒಂದು ಹೆಸರು ಕೊಟ್ಟರೆ ಮುಂದಿನವರು ಆ ಗಂಟನ್ನು ಬಿಡಿಸುವುದೇ ಇಲ್ಲ.

ಕಡಿಯಾಳಿ ಓದುಗ:
ಎಲ್ಲವನ್ನೂ ಕೂತು ಓದಿದೆ, ತುಂಬ ತಿಳಿಯಿತು. ಒಂದು ಸಂದೇಹ. ಇದೆಲ್ಲ ಆದ ಮೇಲೆ ಹೆಸರಿಡುವ ಅಧಿಕಾರ ಯಾರದ್ದು? ಸರ್ಕಾರಕ್ಕೆ ಅರ್ಜಿ ಹಾಕಬೇಕಾ?

ಪಿಸಿಆರ್ ಪಡುಬಿದ್ರಿ:
ಅರ್ಜಿ ಇಲ್ಲ, ನಿಯಮ ಉಂಟು. ಪ್ರಾಣಿಗಳ ಹೆಸರಿಗೆ ಒಂದು ಅಂತರರಾಷ್ಟ್ರೀಯ ಸಂಹಿತೆ ಉಂಟು. ಈಗ ನಡೆಯುತ್ತಿರುವ ನಾಲ್ಕನೇ ಆವೃತ್ತಿ 2000ದ ಜನವರಿ 1ರಿಂದ ಜಾರಿಯಲ್ಲಿದೆ. ಇಂಥ ಏಕಕೋಶಿಗಳಿಗೂ ಅದನ್ನೇ ಅನುಸರಿಸುತ್ತಾರೆ. ಬೇರೆ ಯಾವುದಕ್ಕಿಂತ ಹೇಗೆ ಭಿನ್ನ ಅಂತ ಬರೆಯಬೇಕು, ಹೆಸರಿಗೆ ಆಧಾರವಾದ ಮಾದರಿ ಯಾವುದು ಅಂತ ಹೇಳಬೇಕು, ಅದನ್ನು ಯಾವ ಸಂಗ್ರಹಾಲಯದಲ್ಲಿ ಇಡುತ್ತೇವೆ ಅಂತಲೂ ಬರೆಯಬೇಕು. ಆನ್‌ಲೈನ್ ಪತ್ರಿಕೆಯಲ್ಲಿ ಮಾತ್ರ ಬರುವುದಾದರೆ ಪ್ರಕಟಣೆಗೆ ಮೊದಲೇ ಜೂಬ್ಯಾಂಕ್ ಎಂಬ ಪ್ರಾಣಿಹೆಸರುಗಳ ಆನ್‌ಲೈನ್ ದಾಖಲೆಯಲ್ಲಿ ನೋಂದಣಿ ಆಗಬೇಕು. ಆನ್‌ಲೈನ್ ಪ್ರಕಟಣೆಗೆ ಮಾನ್ಯತೆ ಕೊಟ್ಟದ್ದೇ 2012ರಿಂದ.

ಏಕಕೋಶಿಗಳಿಗೆ ಒಂದು ಅನುಕೂಲ ಮಾಡಿಕೊಟ್ಟಿದ್ದಾರೆ. ದೊಡ್ಡ ಪ್ರಾಣಿಯಲ್ಲಿ ಒಂದೇ ಒಂದು ದೇಹವನ್ನು ಮಾದರಿ ಅಂತ ಇಡುತ್ತಾರೆ. ಇಲ್ಲಿ ಒಂದೇ ಜೀವಿಯಲ್ಲಿ ಎಲ್ಲ ಹಂತ ಕಾಣುವುದಿಲ್ಲ. ಹಾಗಾಗಿ ಬೇರೆ ಬೇರೆ ಹಂತದ, ನೇರ ಸಂಬಂಧ ಇರುವ ಜೀವಿಗಳ ಸ್ಲೈಡುಗಳನ್ನು ಸೇರಿಸಿ ಹ್ಯಾಪಾಂಟೋಟೈಪ್ ಅಂತ ಇಡಬಹುದು. ಒಂದು ಸ್ಲೈಡಿನಲ್ಲಿ ಬೆಳೆದ ಜೀವಿ, ಇನ್ನೊಂದರಲ್ಲಿ ಜೋಡಿ, ಮತ್ತೊಂದರಲ್ಲಿ ಊಸಿಸ್ಟ್.

ಸ್ಲೈಡ್ ಪೆಟ್ಟಿಗೆ:
ನಮ್ಮ ದೇಶದ ಕಾನೂನೂ ಉಂಟು. 2002ರ ಜೀವವೈವಿಧ್ಯ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಹೊಸ ಜೀವಿ ಕಂಡವರು ನಿಗದಿಪಡಿಸಿದ ಸಂಗ್ರಹಾಲಯಕ್ಕೆ ತಿಳಿಸಿ, ಮಾದರಿಯನ್ನು ಅಲ್ಲಿ ಕೊಡಬೇಕು. ಪ್ರಾಣಿಗಳಿಗೆ ಜೂಲಾಜಿಕಲ್ ಸರ್ವೇ ಆಫ್ ಇಂಡಿಯಾ ಉಂಟು, 1916ರಲ್ಲಿ ಶುರುವಾದದ್ದು, ಮುಖ್ಯ ಕಚೇರಿ ಕೋಲ್ಕತ್ತದಲ್ಲಿ. ಸ್ಲೈಡನ್ನು ಕಾಲೇಜಿನ ಕಪಾಟಿನಲ್ಲಿ ಇಟ್ಟುಕೊಳ್ಳಬೇಡಿ. ಇಲ್ಲಿನ ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಬೂಷ್ಟು ಹಿಡಿಯುವುದು ಗ್ಯಾರಂಟಿ. ಅಧ್ಯಾಪಕರು ನಿವೃತ್ತರಾದ ಮೇಲೆ ಯಾರಿಗೂ ಅದರ ಬೆಲೆ ಗೊತ್ತಿರುವುದಿಲ್ಲ, ಒಂದು ದಿನ ಗುಜರಿಗೆ ಹೋಗುತ್ತದೆ. ನಾನು ಹಾಗೆ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನು ಪತ್ರಿಕೆ. ದುಡ್ಡು ಕೊಟ್ಟರೆ ವಾರದೊಳಗೆ ಪ್ರಕಟಿಸುವವರ ಮೇಲ್ ಬರುತ್ತದೆ. ಅದರಲ್ಲಿ ಬಂದರೂ ನಿಯಮದ ಪ್ರಕಾರ ಹೆಸರು ಸಿಂಧು ಆಗಿಬಿಡಬಹುದು, ಏಕೆಂದರೆ ತಜ್ಞರು ಓದಿ ಒಪ್ಪಿರಬೇಕು ಅಂತ ಸಂಹಿತೆ ಕಡ್ಡಾಯ ಮಾಡುವುದಿಲ್ಲ. ಹಾಗೆ ಸೇರಿದ ಹೆಸರು ಶಾಶ್ವತ. ತಪ್ಪಿದ್ದರೆ ಇನ್ನೊಬ್ಬರು ವರ್ಷಗಟ್ಟಲೆ ಕೂತು ಅದನ್ನು ಬಿಡಿಸಬೇಕು. ಮೇಡಂ, ಹುಡುಗಿಯನ್ನು ಆ ದಾರಿಗೆ ಬಿಡಬೇಡಿ. ಪರಿಣತರು ಓದಿ ನಾಲ್ಕು ಪ್ರಶ್ನೆ ಕೇಳುವ ಪತ್ರಿಕೆಗೇ ಕಳಿಸಿ.

ತೋಟದಮನೆ ಬಂಟ್ವಾಳ:
ಹೆಸರಿಡುವುದೇ ಆದರೆ ನಮ್ಮ ತುಳುನಾಡಿನ ಹೆಸರು ಬರುವ ಹಾಗೆ ಇಡಿ. ಅದಕ್ಕೆ ನಿಯಮ ಅಡ್ಡ ಬರುವುದಿಲ್ಲವಲ್ಲ?

ಪಿಸಿಆರ್ ಪಡುಬಿದ್ರಿ:
ಬರುವುದಿಲ್ಲ ಅಣ್ಣ. ಊರಿನ ಹೆಸರಿಗೆ, ಆ ಊರಿನದ್ದು ಎಂಬ ಅರ್ಥದ ಎನ್ಸಿಸ್ ಸೇರಿಸಿದರೆ ಆಯಿತು, ಎಷ್ಟೋ ಜೀವಿಗಳಿಗೆ ಹಾಗೆ ಇದೆ. ಹುಳುವಿನ ಹೆಸರಿನಿಂದಲೂ ಇಡಬಹುದು. ಆದರೆ ಮೊದಲು ಅದು ಹೊಸತು ಅಂತ ಆಗಲಿ.

ಹಸಿಮಣ್ಣು:
ಎಲ್ಲರಿಗೂ ನಮಸ್ಕಾರ. ಮೇಡಂ ಹೇಳಿದ ವಿದ್ಯಾರ್ಥಿನಿ ನಾನೇ. ಸರ್ ಹೇಳಿದ ಹಾಗೆ ಲೆನ್ಸ್ ಹಿಡಿದು ಬಾಟಲಿಯಲ್ಲಿರುವ ಎಲ್ಲ ಹುಳುಗಳನ್ನೂ ನೋಡಿದೆ. ಎರಡು ಬಗೆ ಉಂಟು. ತೋಟದ ಬುಡದ ಮಣ್ಣಿನಲ್ಲಿ ಸಿಕ್ಕಿದ್ದವುಗಳ ಬಾಲದಲ್ಲಿ ಬಿರುಗೂದಲು ಒಂದು ಬಿಟ್ಟು ಒಂದು ಸರಿದು ಕೂತಿವೆ, ಸರ್ ವರ್ಣಿಸಿದ ಪಾಂಟೋಸ್ಕೋಲೆಕ್ಸ್‌ನಂತೆಯೇ. ತೋಡಿನ ಬದ್ದಿಯ ಹತ್ತಿರ, ಕೊಳೆತ ಸೋಗೆಯ ಕೆಳಗೆ ಸಿಕ್ಕಿದ್ದು ಬೇರೆ. ಬಣ್ಣ ಕಡು ನೇರಳೆ, ಖಂಡದ ಸುತ್ತಲೂ ಬಿರುಗೂದಲ ಉಂಗುರ. ಪ್ರತಿ ಹುಳುವಿಗೂ ಬೇರೆ ನಂಬರ್ ಬರೆದಿಟ್ಟಿದ್ದೆ. ನಾವು ಫೋಟೋ ತೆಗೆದ ಪರೋಪಜೀವಿ ಬಂದದ್ದು ಈ ಎರಡನೇ ಬಗೆಯಿಂದ.

ಸ್ಲೈಡ್‌ಗಳನ್ನೂ ಮತ್ತೆ ನೋಡಿದೆ. ಉಬ್ಬು ಎಲ್ಲದರಲ್ಲೂ ಒಂದೇ ಜಾಗದಲ್ಲಿ ಇಲ್ಲ, ಸರ್ ಹೇಳಿದ್ದೇ ನಿಜ. ಆದರೆ ಊಸಿಸ್ಟ್‌ಗಳ ತುದಿಗಳು ಎರಡೂ ದಪ್ಪಗೆ, ಮೊಂಡಾಗಿ ಕಾಣುತ್ತವೆ. ಇದನ್ನೇ ಹಿಡಿದು ಮುಂದೆ ಹೋಗಬಹುದಾ?

ಸ್ಲೈಡ್ ಪೆಟ್ಟಿಗೆ:
ಮಗಳೇ, ಹುಳುವಿಗೊಂದು ನಂಬರ್ ಇಟ್ಟಿದ್ದೀಯಲ್ಲ, ಅರ್ಧ ಕೆಲಸ ಆದ ಹಾಗೆಯೇ. ಊಸಿಸ್ಟ್‌ನ ತುದಿ ಖಂಡಿತ ಹಿಡಿದುಕೊಳ್ಳಬಹುದಾದ ಲಕ್ಷಣ. ಆದರೆ ಬಲಿಯದ ಊಸಿಸ್ಟ್‌ಗಳ ತುದಿ ಮೊಂಡಾಗಿ ಕಾಣುತ್ತದೆ. ಒಳಗೆ ಎಂಟು ಮರಿ ಸ್ಪಷ್ಟವಾಗಿ ಕಾಣುವ ಊಸಿಸ್ಟನ್ನೇ ಅಳೆ. ಆಗಲೂ ಮೊಂಡಾಗಿದ್ದರೆ ಚಿತ್ರ ಬರೆ. ಫೋಟೋ ಸಾಲದು, ಮೈಕ್ರೋಸ್ಕೋಪಿನ ಬಿಂಬವನ್ನು ಕಾಗದದ ಮೇಲೆ ಕಾಣಿಸುವ ಕ್ಯಾಮರಾ ಲೂಸಿಡಾ ಇಟ್ಟು ಕೈಯಲ್ಲೇ ಬರೆ. ಬರೆಯುವಾಗಲೇ ಕಣ್ಣಿಗೆ ಬೀಳುವ ವಿಷಯಗಳು ಇರುತ್ತವೆ.

ನೇರಳೆ ಹುಳು ಪೆರಿಯೋನಿಕ್ಸ್ ಇರಬಹುದು ಅಂತ ನನ್ನ ಊಹೆ. ಊಹೆ ಪೇಪರಿನಲ್ಲಿ ಬರಬಾರದು. ಬಲಿತ ಹುಳು, ಅಂದರೆ ಮೈಮೇಲೆ ಕ್ಲೈಟೆಲ್ಲಮ್ ಪಟ್ಟಿ ಎದ್ದು ಕಾಣುವಂಥದ್ದನ್ನು ಎರೆಹುಳು ಗುರುತಿಸುವ ತಜ್ಞರಿಗೆ ಕಳಿಸಿ. ಎಳೆ ಹುಳು ಕಳಿಸಿದರೆ ಅವರಿಗೂ ಕಷ್ಟ. ಎರೆಹುಳು ಹಿಡಿದವರ ಹೆಸರನ್ನೂ ಲೇಖನದಲ್ಲಿ ಸೇರಿಸಿ, ಅದು ನ್ಯಾಯ.

ಮುರಕಲ್ಲು:
ತುಂಬ ಉಪಕಾರ ಸರ್, ಎಲ್ಲರಿಗೂ. ಮಳೆ ಜೋರಾಗಿರುವಾಗಲೇ ಇನ್ನೊಮ್ಮೆ ಹುಳು ತರುವುದು ಅಂತ ತೀರ್ಮಾನಿಸಿದ್ದೇವೆ. ಮಳೆ ನಿಂತ ಮೇಲೆ ಹುಳುಗಳು ಆಳಕ್ಕೆ ಇಳಿಯುತ್ತವೆ. ಈ ಸಲ ಒಂದೇ ತೋಟ ಸಾಲದು. ಅದೇ ನೇರಳೆ ಹುಳು ದೂರದ ಜಾಗದಲ್ಲೂ ಇದ್ದರೆ, ಅದರಲ್ಲೂ ಇದೇ ಊಸಿಸ್ಟ್ ಇದ್ದರೆ ಮಾತು ಗಟ್ಟಿಯಾಗುತ್ತದೆ. ಬೈಲು ಗದ್ದೆ, ಮಜಲು ಗದ್ದೆ, ತೋಟ ಮೂರರಿಂದಲೂ ಬೇಕು. ಕಾಡಿನ ಒಳಗೆ ಹೋಗುವುದಿಲ್ಲ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಲ್ಯಾಬ್ ಕೋಟ್:
ಜೀಮ್ಸಾ ತಯಾರಿದೆ ಮೇಡಂ. ನ್ಯೂಕ್ಲಿಯಸ್ ನೋಡಲಿಕ್ಕಾದರೂ ಆಗುತ್ತದೆ. ಪುಡಿ ಕೊಡುತ್ತೇನೆ, ದ್ರಾವಣ ನೀವೇ ಮಾಡಿಕೊಳ್ಳಿ, ಬಳಸಲು ತೆಳು ಮಾಡಿದ್ದು ಹಳತಾದರೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ.

ತೋಟದಮನೆ ಬಂಟ್ವಾಳ:
ನಮ್ಮ ತೋಟಕ್ಕೂ ಬನ್ನಿ. ಹಟ್ಟಿಗೊಬ್ಬರ, ಸುಡುಮಣ್ಣು ಬಿಟ್ಟರೆ ಬೇರೆ ಎಂತದೂ ಹಾಕುವುದಿಲ್ಲ, ಹುಳು ಬೇಕಾದಷ್ಟು ಉಂಟು. ತೋಡಿನ ಬದ್ದಿಯಲ್ಲಿ ನೀವು ಹೇಳಿದ ನೇರಳೆ ಬಣ್ಣದ್ದೂ ಕಂಡಿದ್ದೇನೆ. ಅಡಿಕೆ ಮರದ ಬುಡ ಮಾತ್ರ ಅಗೆಯಬೇಡಿ, ಬೇರು ಕಡಿದರೆ ಮರಕ್ಕೆ ಪೆಟ್ಟು. ಬರುವ ಮೊದಲು ಇಲ್ಲೇ ಒಂದು ಸಂದೇಶ ಹಾಕಿ, ಹಾರೆ ಬುಟ್ಟಿ ನಾನು ತೆಗೆದಿಡುತ್ತೇನೆ.